ಗಾಂಜಾ ಚಟವಾಗುತ್ತದೆಯೇ? ತಾಯಂದಿರು ತಿಳಿಯಬೇಕಾದ ನಿಜ

(ಜೂನ್ 26ರ ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನದ ಅಂಗವಾಗಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಒಬ್ಬರು ಮಾಡಿದ ಭಾಷಣ)



ಹೋದ ತಿಂಗಳ ಸಭೆ ಮುಗಿಸಿ ನಾನು ಹೊರಟಾಗ ಒಬ್ಬ ಅಕ್ಕ ಬಸ್ ಸ್ಟ್ಯಾಂಡ್ ತನಕ ನನ್ನ ಜೊತೆ ನಡೆದು ಬಂದರು. ಸಭೆಯಲ್ಲಿ ಅವರು ಒಂದು ಮಾತೂ ಆಡಿರಲಿಲ್ಲ. ಬಸ್ಸು ಬರುವ ಹೊತ್ತಿಗೆ ಮೆಲ್ಲಗೆ ಕೇಳಿದರು: “ಸಿಸ್ಟರ್, ಗಾಂಜಾ ಚಟ ಆಗುತ್ತಾ, ಇಲ್ವಾ? ಮಗ ಹೇಳ್ತಾನೆ, ‘ಅದು ಬರೀ ಗಿಡ ಅಮ್ಮ, ಕುಡಿತದ ಥರ ಅಲ್ಲ, ಬೇಕು ಅಂದಾಗ ಬಿಡ್ತೀನಿ’ ಅಂತ. ಅತ್ತೆ ಹೇಳ್ತಾರೆ, ‘ಒಂದು ಸಲ ಸೇದಿದರೆ ಸಾಕು, ಹುಚ್ಚೇ ಗತಿ’ ಅಂತ. ನಾನು ಯಾರ ಮಾತು ನಂಬಲಿ?”

ಅಷ್ಟರಲ್ಲಿ ಬಸ್ಸು ಬಂತು, ಸರಿಯಾದ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಇವತ್ತು ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಆ ಪ್ರಶ್ನೆ ಅವರೊಬ್ಬರದೇ ಅಲ್ಲ ಅಂತ ನಿಮಗೂ ಗೊತ್ತು.

ನಾನು ಮಾಡಿದ ತಪ್ಪು

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಯುವಕರಿಗೆ ತಿಳುವಳಿಕೆ ಶಿಬಿರ ಮಾಡಿದ್ದೆವು. ಅಲ್ಲಿ ನಾನು ಬಹಳ ಜೋರಾಗಿ ಹೇಳಿಬಿಟ್ಟೆ, “ಗಾಂಜಾ ಒಮ್ಮೆ ಮುಟ್ಟಿದವನು ಉಳಿಯೋದಿಲ್ಲ, ಹುಚ್ಚನಾಗ್ತಾನೆ” ಅಂತ. ಹಿಂದೆ ಕೂತಿದ್ದ ಒಬ್ಬ ಹುಡುಗ ಎದ್ದು ನಿಂತ. “ಸಿಸ್ಟರ್, ನಮ್ಮ ತಾತ ನಲವತ್ತು ವರ್ಷದಿಂದ ಚಿಲುಮೆ ಸೇದ್ತಾರೆ. ಈಗಲೂ ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋಗ್ತಾರೆ” ಅಂದ. ಎಲ್ಲರೂ ನಕ್ಕರು. ಆಮೇಲೆ ನಾನು ಹೇಳಿದ ಒಂದು ಮಾತೂ ಅವರ ಕಿವಿಗೆ ಬೀಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಅದೇ ಊರಿನ ಒಬ್ಬ ತಾಯಿ ನಮ್ಮ ಆಫೀಸಿಗೆ ಬಂದರು. ಅಂದು ನಕ್ಕವರ ಗುಂಪಿನಲ್ಲಿ ಅವರ ಮಗನೂ ಇದ್ದ. ಕಾಲೇಜು ಬಿಟ್ಟಿದ್ದ, ರಾತ್ರಿ ನಿದ್ದೆ ಇಲ್ಲ, ಗೋಡೆ ಹಿಂದೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಅನ್ನುತ್ತಿದ್ದ. ಮನೆಯವರು ಮಂತ್ರ, ತಾಯಿತ ಎಲ್ಲ ಮಾಡಿಸಿ, ಕೊನೆಗೆ ಮದುವೆ ಮಾಡಿದರೆ ಸರಿಹೋಗ್ತಾನೆ ಅಂತ ಹೆಣ್ಣು ನೋಡುತ್ತಿದ್ದರು. ಮಾತಾಡುತ್ತಾ ಗೊತ್ತಾಯಿತು, ಆ ಹುಡುಗನ ಸೋದರಮಾವನಿಗೂ ಹಿಂದೆ ಮಾನಸಿಕ ಕಾಯಿಲೆ ಇತ್ತು. ಗಾಂಜಾ ಒಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಅಂದು ನಾನು ಹೆದರಿಸುವ ಬದಲು, “ಇದು ಎಲ್ಲರಿಗೂ ಒಂದೇ ಥರ ಆಗೋದಿಲ್ಲ, ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ ಬಹಳ ಅಪಾಯ” ಅಂತ ನಿಜ ಹೇಳಿದ್ದರೆ, ಆ ಹುಡುಗ ಒಂದು ಕ್ಷಣವಾದರೂ ಯೋಚಿಸುತ್ತಿದ್ದನೋ ಏನೋ. ಆ ಕೊರಗು ನನಗೆ ಇನ್ನೂ ಇದೆ.

ಆದ್ದರಿಂದ ಇವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಗಾಂಜಾ ಅಂದರೇನು?

ಒಂದೇ ಗಿಡ, ಮೂರು ರೂಪ. ಎಲೆಯನ್ನು ಅರೆದರೆ ಭಂಗಿ. ಹೂವಿನ ತೆನೆಯನ್ನು ಒಣಗಿಸಿದರೆ ಗಾಂಜಾ. ಗಿಡದ ಅಂಟು ತೆಗೆದರೆ ಚರಸ್. ಹುಡುಗರು ಇದನ್ನು ‘ಸೊಪ್ಪು’ ಅಂತಾರೆ, ‘ಮಾಲು’ ಅಂತಾರೆ. ಅಮಲು ಬರಿಸುವ ಮುಖ್ಯ ರಾಸಾಯನಿಕಕ್ಕೆ ಟಿ.ಎಚ್.ಸಿ. ಅಂತ ಹೆಸರು. ಎಲೆಯಲ್ಲಿ ಕಡಿಮೆ, ಹೂವಿನಲ್ಲಿ ಜಾಸ್ತಿ, ಅಂಟಿನಲ್ಲಿ ಇನ್ನೂ ಜಾಸ್ತಿ. ತಾತನ ಕಾಲದ ಸೊಪ್ಪಿಗೂ ಇವತ್ತು ಪೇಟೆಯಲ್ಲಿ ಸಿಗುವ ಮಾಲಿಗೂ ಅದೇ ಶಕ್ತಿ ಇರಬೇಕು ಅಂತೇನಿಲ್ಲ. ತಳಿ ಮಾಡಿ ಮಾಡಿ ಟಿ.ಎಚ್.ಸಿ. ಹೆಚ್ಚಿಸಿದ ಗಿಡಗಳು ಈಗ ಬಂದಿವೆ.

ಹೊಗೆ ಎಳೆದರೆ ಕೆಲವೇ ನಿಮಿಷದಲ್ಲಿ ಅಮಲು ಏರುತ್ತೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. “ಏನೂ ಆಗಲೇ ಇಲ್ಲ” ಅಂತ ಮತ್ತೆ ತಿಂದುಬಿಟ್ಟು, ಆಮೇಲೆ ಎದೆ ಬಡಿತ ಏರಿ ಆಸ್ಪತ್ರೆ ಸೇರಿದವರು ಇದ್ದಾರೆ. 2023ರಲ್ಲಿ ಮಂಗಳೂರಿನಲ್ಲಿ ಭಂಗಿ ಬೆರೆಸಿದ ಚಾಕೊಲೇಟುಗಳೇ ಪೊಲೀಸರಿಗೆ ಸಿಕ್ಕಿದವು. ಮಕ್ಕಳ ಕೈಯಲ್ಲಿ ಗುರುತಿಲ್ಲದ ಚಾಕೊಲೇಟ್ ಕಂಡರೆ ಎಲ್ಲಿಂದ ಬಂತು ಅಂತ ಕೇಳಿ.

ಇನ್ನೊಂದು ವಿಷಯ. ನಮ್ಮ ಕಡೆ ಗಾಂಜಾವನ್ನು ಬೀಡಿ, ಸಿಗರೇಟಿನ ತಂಬಾಕಿನ ಜೊತೆ ಬೆರೆಸಿ ಸೇದೋದು ರೂಢಿ. ಆಗ ಚಟ ಒಂದಲ್ಲ, ಎರಡು.

ಹಾಗಾದರೆ ಚಟ ಆಗುತ್ತಾ?

ಆಗುತ್ತೆ. ಎಲ್ಲರಿಗೂ ಆಗೋದಿಲ್ಲ. ಎರಡೂ ಮಾತು ನಿಜ.

ಹೊರದೇಶಗಳಲ್ಲಿ ಬಹಳ ವರ್ಷ ನಡೆದ ಅಧ್ಯಯನಗಳ ಲೆಕ್ಕ ಹೀಗಿದೆ. ಗಾಂಜಾ ಉಪಯೋಗಿಸಿ ನೋಡಿದವರಲ್ಲಿ ಸುಮಾರು ಹನ್ನೊಂದು ಜನಕ್ಕೆ ಒಬ್ಬರು ಅದಕ್ಕೆ ದಾಸರಾಗುತ್ತಾರೆ. ಹದಿಹರೆಯದಲ್ಲೇ ಶುರು ಮಾಡಿದರೆ ಆರು ಜನಕ್ಕೆ ಒಬ್ಬರು. ದಿನಾ ಸೇದುವವರಲ್ಲಿ ನಾಲ್ವರಿಗೆ ಒಬ್ಬರಿಂದ ಹಿಡಿದು ಇಬ್ಬರಿಗೆ ಒಬ್ಬರ ತನಕ. ಇತ್ತೀಚಿನ ಅಧ್ಯಯನಗಳಲ್ಲಿ ಈ ಲೆಕ್ಕ ಇನ್ನೂ ಹೆಚ್ಚೇ ಬಂದಿದೆ. ಹೋಲಿಸಿ ನೋಡಿದರೆ ತಂಬಾಕು ಇದಕ್ಕಿಂತ ಕೆಟ್ಟದು. ಅದನ್ನು ರುಚಿ ನೋಡಿದ ಮೂವರಲ್ಲಿ ಒಬ್ಬರು ಸಿಕ್ಕಿಬೀಳುತ್ತಾರೆ.

ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಅವರಲ್ಲಿ ಸುಮಾರು 72 ಲಕ್ಷ ಜನಕ್ಕೆ ಇದರಿಂದ ಹೊರಬರಲು ಸಹಾಯ ಬೇಕು ಅಂತ ವರದಿ ಹೇಳಿತು. ಅಂದರೆ ನಾಲ್ವರಲ್ಲಿ ಒಬ್ಬರ ಹತ್ತಿರ ಹತ್ತಿರ. ‘ಬರೀ ಗಿಡ’ ಆಗಿದ್ದರೆ 72 ಲಕ್ಷ ಜನ ಯಾಕೆ ಒದ್ದಾಡಬೇಕು?

ಆ ಅಕ್ಕನ ಮಗ ಹೇಳಿದ್ದರಲ್ಲೂ ಸ್ವಲ್ಪ ನಿಜ ಇದೆ. ಕುಡಿತ ಬಿಟ್ಟಾಗ ಕೆಲವರಿಗೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗೋ ಥರ ಗಾಂಜಾ ಬಿಟ್ಟಾಗ ಆಗೋದಿಲ್ಲ. ಆದರೆ ದಿನಾ ಸೇದುತ್ತಿದ್ದವನು ತಟ್ಟನೆ ಬಿಟ್ಟರೆ ಒಂದೆರಡು ದಿನದಲ್ಲಿ ಸಿಡಿಮಿಡಿ ಶುರು. ನಿದ್ದೆ ಬರೋದಿಲ್ಲ, ಊಟ ಸೇರೋದಿಲ್ಲ, ಕೆಟ್ಟ ಕನಸು, ಬೆವರು, ಚಡಪಡಿಕೆ. ಮೊದಲ ವಾರ ಬಹಳ ಕಷ್ಟ. ಎರಡು ಮೂರು ವಾರದಲ್ಲಿ ಇಳಿಯುತ್ತಾ ಬರುತ್ತೆ. ಇದನ್ನು ನೋಡಿ ಮನೆಯವರು, “ಸೇದುವಾಗಲೇ ಚೆನ್ನಾಗಿದ್ದ, ಬಿಟ್ಟ ಮೇಲೆ ಕೆಟ್ಟ” ಅಂದುಕೊಳ್ಳುತ್ತಾರೆ. ಇಲ್ಲ, ಅದು ಚಟ ಬಿಡುವಾಗಿನ ಸಂಕಟ. ಬಾಣಂತಿಯ ನೋವಿನ ಹಾಗೆ ಅದಕ್ಕೊಂದು ಕೊನೆ ಇದೆ.

ಯಾಕೆ ಹೀಗಾಗುತ್ತೆ? 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಒಂದು ಸಂಗತಿ ಕಂಡುಹಿಡಿದರು. ಗಾಂಜಾದ ಹಾಗೆ ಕೆಲಸ ಮಾಡುವ ಒಂದು ವಸ್ತುವನ್ನು ನಮ್ಮ ಮೆದುಳು ತಾನೇ ತಯಾರು ಮಾಡುತ್ತೆ. ನಮ್ಮ ‘ಆನಂದ’ ಅನ್ನೋ ಪದವನ್ನೇ ತೆಗೆದುಕೊಂಡು ಅವರು ಅದಕ್ಕೆ ‘ಆನಂದಮೈಡ್’ ಅಂತ ಹೆಸರಿಟ್ಟರು. ದೇವರು ಕೊಟ್ಟ ಈ ಆನಂದ ಅಳತೆಯಲ್ಲಿ ಬರುತ್ತೆ. ಗಾಂಜಾ ಅದನ್ನು ಹೊರಗಿನಿಂದ ಕೊಡಗಟ್ಟಲೆ ಸುರಿಯುತ್ತೆ. ಹೀಗೆ ದಿನಾ ಸುರಿದರೆ ಮೆದುಳು ತನ್ನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತೆ. ಆಗ ಮೊದಲಿನ ಅಮಲಿಗೆ ಹೆಚ್ಚು ಬೇಕು. ಇಲ್ಲದ ದಿನ ಊಟದಲ್ಲಿ, ಆಟದಲ್ಲಿ, ಮನೆಯವರ ಜೊತೆ ಮಾತಿನಲ್ಲಿ ಯಾವುದರಲ್ಲೂ ಖುಷಿ ಇಲ್ಲ. ಒಳ್ಳೆಯ ಸುದ್ದಿ ಏನಂದರೆ, ಬಿಟ್ಟು ಕೆಲವು ವಾರ ಕಳೆದರೆ ಆ ಬಾಗಿಲುಗಳು ಮತ್ತೆ ತೆರೆದುಕೊಳ್ಳುತ್ತವೆ.

ಒಬ್ಬೊಬ್ಬರಿಗೆ ಒಂದೊಂದು ಥರ ಯಾಕೆ?

ಒಂದೇ ಮಳೆ ಬಿದ್ದರೂ ಕಪ್ಪು ನೆಲದಲ್ಲಿ ಒಂದು ಥರ, ಕೆಂಪು ನೆಲದಲ್ಲಿ ಇನ್ನೊಂದು ಥರ. ಮಳೆಯಷ್ಟೇ ನೆಲವೂ ಮುಖ್ಯ. ಒಂದೇ ಬೀಡಿಯನ್ನು ನಾಲ್ವರು ಹಂಚಿಕೊಂಡು ಸೇದಿದಾಗ ಒಬ್ಬ ನಗುತ್ತಾ ಕೂರುತ್ತಾನೆ. ಒಬ್ಬನಿಗೆ ನಿದ್ದೆ. ಒಬ್ಬನಿಗೆ ಸಾಯ್ತೀನೋ ಅನ್ನುವಷ್ಟು ಭಯ. ಇನ್ನೊಬ್ಬನಿಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನೋ ಸಂಶಯ. ಇದಕ್ಕೆ ಕಾರಣಗಳಿವೆ.

ಮೊದಲನೆಯದು ವಯಸ್ಸು. ಮೆದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ತಾತ ಶುರು ಮಾಡಿದ್ದು ಬಲಿತ ಮೇಲೆ ಇರಬಹುದು. ಹದಿನಾಲ್ಕು ವರ್ಷದ ಹುಡುಗನ ಮೆದುಳು ಇನ್ನೂ ಹಸಿ ಗೋಡೆ. ನೆನಪು, ಓದು, ಮುಂದಿನದನ್ನು ಯೋಚಿಸುವ ಶಕ್ತಿ ಅಲ್ಲಿ ಮೊದಲು ಪೆಟ್ಟು ತಿನ್ನುತ್ತೆ.

ಎರಡನೆಯದು ಮನೆತನ. ಚಟಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತೆ ಅಂತ ಅವಳಿ ಜವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಅಪ್ಪ, ಚಿಕ್ಕಪ್ಪ, ಮಾವ ಯಾರಾದರೂ ಕುಡಿತಕ್ಕೆ ದಾಸರಾಗಿದ್ದರೆ ಮಕ್ಕಳು ಇನ್ನೂ ಜಾಗ್ರತೆಯಾಗಿರಬೇಕು. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇದ್ದರೆ ಗಾಂಜಾದ ಹತ್ತಿರವೂ ಸುಳಿಯಬಾರದು. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 45,000 ಯುವಕರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಒಂದು ವರದಿ ಬಂತು. ಸೈನ್ಯಕ್ಕೆ ಸೇರುವ ಮೊದಲೇ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ, ಬಳಸದೇ ಇದ್ದವರಿಗಿಂತ ಆರು ಪಟ್ಟು ಹೆಚ್ಚಾಗಿ ಸ್ಕಿಜೋಫ್ರೇನಿಯಾ ಕಂಡುಬಂತು. ಆದರೂ ಸೇದಿದವರಲ್ಲಿ ಹೆಚ್ಚಿನವರಿಗೆ ಆ ಕಾಯಿಲೆ ಬರಲಿಲ್ಲ. ನಮ್ಮತ್ತೆ ಹೇಳುವ ‘ಹುಚ್ಚೇ ಗತಿ’ ಎಲ್ಲರಿಗೂ ಅನ್ವಯ ಆಗೋದಿಲ್ಲ. ಆದರೆ ಕೆಲವರ ಪಾಲಿಗೆ ಅದು ನಿಜವೇ.

ಮೂರನೆಯದು ಎಷ್ಟು, ಎಷ್ಟು ಸಲ, ಯಾವ ರೂಪ. ಹಬ್ಬಕ್ಕೊಮ್ಮೆ ಭಂಗಿ ಕುಡಿಯೋದು ಬೇರೆ, ಬೆಳಿಗ್ಗೆ ಎದ್ದ ಕೂಡಲೇ ಸೇದೋದು ಬೇರೆ.

ನಾಲ್ಕನೆಯದು ಮನಸ್ಸಿನ ಗಾಯ. ಮನೆಯಲ್ಲಿ ದಿನಾ ಜಗಳ, ಪರೀಕ್ಷೆಯಲ್ಲಿ ಫೇಲು, ಕೆಲಸ ಇಲ್ಲ, ಊರು ಬಿಟ್ಟು ಒಂಟಿ ರೂಮಿನ ಜೀವನ. ನೋವು ಮರೆಯಲು ಸೇದಿದವನಿಗೆ ಅದು ಮದ್ದಿನ ಹಾಗೆ ಕಾಣುತ್ತೆ. ಬಿಡೋದು ಅವನಿಗೇ ಹೆಚ್ಚು ಕಷ್ಟ.

ಗರ್ಭಿಣಿಯರ ವಿಷಯವನ್ನೂ ಹೇಳಬೇಕು. ತಾಯಿ ಬಳಸಿದರೆ ಮಗು ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆ ಹೆಚ್ಚು. ಎದೆಹಾಲಿನಲ್ಲೂ ಅದು ಮಗುವಿಗೆ ಹೋಗುತ್ತೆ. ವಾಂತಿಗೆ ಒಳ್ಳೇದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಈಗ ಆ ಹುಡುಗನ ತಾತನ ವಿಷಯಕ್ಕೆ ಬರೋಣ. ತಾತನಿಗೆ ಏನೂ ಆಗಲಿಲ್ಲ ಅನ್ನೋದು ನಿಜ ಇರಬಹುದು. ಆದರೆ ತಾತನ ಅದೃಷ್ಟ ಮೊಮ್ಮಗನಿಗೆ ಆಸ್ತಿಯಾಗಿ ಬರೋದಿಲ್ಲ. ಹನ್ನೊಂದು ಜನರಲ್ಲಿ ಆ ಒಬ್ಬ ಯಾರು ಅಂತ ಸೇದುವ ಮೊದಲು ಹೇಳುವ ಯಾವ ಪರೀಕ್ಷೆಯೂ ಇಲ್ಲ. ಎಲ್ಲರಿಗೂ ಒಂದೇ ಥರ ಆಗಿದ್ದರೆ ಎಚ್ಚರಿಕೆ ಸುಲಭ ಇತ್ತು. ಹಾಗಾಗೋದಿಲ್ಲ ಅನ್ನೋದೇ ಇದರ ದೊಡ್ಡ ಅಪಾಯ. ನಾನು ಇಪ್ಪತ್ತು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು ಇದು.

ಗುರುತಿಸುವುದು ಹೇಗೆ?

2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದಕ್ಕಾಗಿ ಎಷ್ಟೋ ಊರಿನ ಹೆಂಗಸರು ಬೀದಿಗೆ ಇಳಿದಿದ್ದರು. ಕುಡಿತ ಕಣ್ಣಿಗೆ ಕಾಣುತ್ತೆ. ವಾಸನೆ, ಜಗಳ, ಹೊಡೆತ. ಗಾಂಜಾ ಹಾಗಲ್ಲ. ಹುಡುಗ ಸುಮ್ಮನೆ ಮೂಲೆಯಲ್ಲಿ ಕೂತಿರುತ್ತಾನೆ. “ನಮ್ಮ ಹುಡುಗ ಸಾಧು” ಅಂತ ನಾವು ಹೆಮ್ಮೆಪಡುತ್ತೇವೆ!

ಕಣ್ಣು ಕೆಂಪು, ಬಾಯಿ ಒಣಗೋದು, ಹೊತ್ತಲ್ಲದ ಹೊತ್ತಲ್ಲಿ ವಿಪರೀತ ಹಸಿವು, ಬಟ್ಟೆಯಲ್ಲಿ ಸುಟ್ಟ ಸೊಪ್ಪಿನ ವಾಸನೆ, ಜೇಬಿನಲ್ಲಿ ಸುರುಳಿ ಕಾಗದ. ಹಳೇ ಗೆಳೆಯರು ಹೋಗಿ ಹೊಸಬರು ಬಂದಿರುತ್ತಾರೆ. ಓದು, ಆಟ, ಕೆಲಸ ಯಾವುದರಲ್ಲೂ ಮನಸ್ಸಿಲ್ಲ. ಮನೆಯಲ್ಲಿ ಸಣ್ಣಪುಟ್ಟ ಹಣ ಕಾಣೆಯಾಗುತ್ತೆ. ಇದರಲ್ಲಿ ಒಂದು ಕಂಡ ಕೂಡಲೇ ಗಾಂಜಾ ಅಂತ ತೀರ್ಮಾನ ಮಾಡಬೇಡಿ. ನಿದ್ದೆಗೆಟ್ಟು ಓದಿದರೂ ಕಣ್ಣು ಕೆಂಪಾಗುತ್ತೆ. ನಾಲ್ಕೈದು ಗುರುತು ಒಟ್ಟಿಗೆ ಇದ್ದರೆ ಕೂತು ಮಾತಾಡಿ.

ಏನು ಮಾಡಬಾರದು?

ಹೊಡೆಯಬೇಡಿ. ಊರ ಮುಂದೆ ಅವಮಾನ ಮಾಡಬೇಡಿ. ಕಟ್ಟಿಹಾಕಬೇಡಿ. ಸರಪಳಿ ಹಾಕುವ, ಬಡಿಯುವ ಕೇಂದ್ರಗಳಿಗೆ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಗೆ ಸರಪಳಿ ಹಾಕೋದು ಅಪರಾಧ.

ಮದುವೆ ಮಾಡಿದರೆ ಸರಿಹೋಗ್ತಾನೆ ಅನ್ನೋ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಮದುವೆ ಚಿಕಿತ್ಸೆ ಅಲ್ಲ. ಇನ್ನೊಬ್ಬರ ಮನೆ ಮಗಳು ನಿಮ್ಮ ಮಗನ ಔಷಧಿ ಅಲ್ಲ. ನೀವೂ ಒಂದು ಕಾಲಕ್ಕೆ ಯಾರದೋ ಮನೆ ಮಗಳಾಗಿ ಬಂದವರೇ ಅಲ್ಲವೇ?

ಮಗನ ಒತ್ತಾಯಕ್ಕೆ ಸಂಘದ ಸಾಲ ತೆಗೆದು ಬೈಕು, ಮೊಬೈಲು ಕೊಡಿಸಬೇಡಿ. ಆ ಬೈಕು ಅಡವಿಗೆ ಹೋಗುತ್ತೆ, ವಾರದ ಕಂತು ನಿಮ್ಮ ತಲೆಗೆ ಬರುತ್ತೆ.

ಏನು ಮಾಡಬೇಕು?

ಅಮಲು ಇಳಿದ ಹೊತ್ತಿನಲ್ಲಿ, ಒಬ್ಬರೇ ಇರುವಾಗ ಮಾತಾಡಿ. “ನೀನು ಹಾಳಾಗಿ ಹೋದೆ” ಅನ್ನೋ ಬದಲು, “ನೀನು ರಾತ್ರಿ ಮಲಗೋದಿಲ್ಲ, ನನಗೆ ಭಯ ಆಗುತ್ತೆ, ಏನಾಗ್ತಿದೆ ಹೇಳು” ಅನ್ನಿ. ಯಾವಾಗ ಸೇದಬೇಕು ಅನಿಸುತ್ತೆ ಅಂತ ಕೇಳಿ. ಉತ್ತರದಲ್ಲೇ ಅರ್ಧ ದಾರಿ ಸಿಗುತ್ತೆ.

ಗಾಂಜಾ ಚಟಕ್ಕೆ ಅಂತಲೇ ಇರುವ ಮಾತ್ರೆ ಇಲ್ಲ. ‘ಒಂದೇ ಇಂಜೆಕ್ಷನ್‌ನಲ್ಲಿ ಬಿಡಿಸ್ತೀವಿ’ ಅನ್ನುವ ಜಾಹೀರಾತು ನಂಬಬೇಡಿ. ಕೆಲಸ ಮಾಡೋದು ಆಪ್ತಸಮಾಲೋಚನೆ, ಮನೆಯವರ ಬೆಂಬಲ, ದಿನಚರಿ ಬದಲಾವಣೆ. ನಿದ್ದೆ, ಆತಂಕ, ಖಿನ್ನತೆ ಇದ್ದರೆ ಅದಕ್ಕೆ ವೈದ್ಯರು ಔಷಧಿ ಕೊಡುತ್ತಾರೆ. ಇಲ್ಲದ ಧ್ವನಿ ಕೇಳೋದು, ವಿಪರೀತ ಸಂಶಯ, ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವೈದ್ಯರು ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಸಂಸ್ಥೆಗಳು. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಣ ಬೇಡ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಸಂಘದ ಪುಸ್ತಕದ ಮೊದಲ ಪುಟದಲ್ಲಿ ಈ ಎರಡು ನಂಬರ್ ಬರೆದಿಡಿ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು

“ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗೋದಿಲ್ವಾ ಸಿಸ್ಟರ್?”

ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಕಾಯ್ದೆಯಲ್ಲೇ ಇದೆ. 1985ರ ಮಾದಕ ವಸ್ತು ಕಾಯ್ದೆಯಲ್ಲೂ, ಸೇದಿದ್ದಕ್ಕೆ ಅಥವಾ ಸ್ವಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸಾದ ವ್ಯಸನಿ ತಾನಾಗಿ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ವಿನಾಯಿತಿಗೆ ಅವಕಾಶ ಇದೆ. ಮಾರೋದು, ಬೆಳೆಯೋದಕ್ಕೆ ಆ ದಯೆ ಇಲ್ಲ. ಕಬ್ಬು, ಮೆಣಸಿನ ಗಿಡದ ನಡುವೆ ನಾಲ್ಕು ಗಿಡ ಹಾಕಿದರೆ ಯಾರಿಗೆ ಗೊತ್ತಾಗುತ್ತೆ ಅನ್ನಬೇಡಿ. ಬೆಳೆದವರಿಗೆ ಹತ್ತು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷದ ತನಕ ದಂಡ. ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕರೂ ಸಿಕ್ಕಿಬೀಳುತ್ತಾರೆ. ಜಮೀನು ನಿಮ್ಮ ಹೆಸರಲ್ಲಿದ್ದರೆ ನೆನಪಿರಲಿ.

“ಕೆನಡಾದಲ್ಲಿ ಅಂಗಡಿಯಲ್ಲೇ ಮಾರ್ತಾರಂತೆ, ಔಷಧಿಗೂ ಬಳಸ್ತಾರಂತೆ?”

ಹೌದು. ಕೆನಡಾದಲ್ಲಿ 2018ರಿಂದ ವಯಸ್ಕರಿಗೆ ಕಾನೂನುಬದ್ಧ. ಆದರೆ ಅಲ್ಲೂ ಹುಡುಗರಿಗೆ ಮಾರೋದು ಅಪರಾಧವೇ. ಮಕ್ಕಳ ಕೆಲವು ಬಗೆಯ ಮೂರ್ಛೆ ರೋಗಕ್ಕೆ ಈ ಗಿಡದ ಇನ್ನೊಂದು ಅಂಶದಿಂದ ಔಷಧಿ ಮಾಡಿದ್ದಾರೆ. ಅದರಲ್ಲಿ ಅಮಲು ಇಲ್ಲ, ಅಳತೆ ಇದೆ, ವೈದ್ಯರ ಚೀಟಿ ಇದೆ. ಅದಕ್ಕೂ ಬೀಡಿಯಲ್ಲಿ ತುಂಬಿ ಸೇದೋದಕ್ಕೂ ಸಂಬಂಧ ಇಲ್ಲ.

“ಬಿಟ್ಟು ಮೂರು ತಿಂಗಳಾಗಿತ್ತು, ಮತ್ತೆ ಶುರು ಮಾಡಿದಾನೆ. ಇನ್ನು ಆಸೆ ಬಿಡಬೇಕಾ?”

ಬಿಡಬೇಡಿ. ಬಹಳ ಜನ ಎರಡು ಮೂರು ಸಲ ಜಾರಿದ ಮೇಲೇ ಗಟ್ಟಿಯಾಗಿ ನಿಲ್ಲೋದು. ಮೂರು ತಿಂಗಳು ಬಿಟ್ಟಿದ್ದ ಅಂದರೆ ಬಿಡಬಲ್ಲ ಅಂತಲೇ ಅರ್ಥ.

ಕೊನೆಯ ಮಾತು

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಯೇಸುಸ್ವಾಮಿ ಹೇಳಿದ ದುಂದುಗಾರ ಮಗನ ಕಥೆ ನಿಮ್ಮಲ್ಲಿ ಅನೇಕರು ನಮ್ಮ ಕಾರ್ಯಕ್ರಮಗಳಲ್ಲಿ ಕೇಳಿದ್ದೀರಿ. ಆ ತಂದೆ ದೂರ ದೇಶದಲ್ಲಿದ್ದ ಮಗನ ಖರ್ಚಿಗೆ ಮತ್ತೆ ಹಣ ಕಳಿಸಲಿಲ್ಲ. ಆದರೆ ಮನೆ ಬಾಗಿಲನ್ನೂ ಮುಚ್ಚಲಿಲ್ಲ. ದಾರಿ ನೋಡುತ್ತಿದ್ದ, ಮಗ ದೂರದಲ್ಲಿ ಕಂಡ ಕೂಡಲೇ ಓಡಿಹೋದ. ಚಟಕ್ಕೆ ಹಣ ಇಲ್ಲ, ಮಗನಿಗೆ ಬಾಗಿಲು ಇದೆ. ತಾಯಂದಿರಿಗೆ ನಾನು ಹೇಳೋದೂ ಇಷ್ಟೇ.

ಮೊದಲು ಹೇಳಿದ ಹುಡುಗ, ಗೋಡೆ ಹಿಂದಿನ ಧ್ವನಿ ಕೇಳುತ್ತಿದ್ದವನು, ಈಗ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಮಾತ್ರೆ ಇನ್ನೂ ನಡೀತಾ ಇದೆ. ಮಧ್ಯೆ ಎರಡು ಸಲ ಜಾರಿದ. ಅಂದು ಅವನ ತಾಯಿ ಹೆಣ್ಣು ನೋಡೋದು ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೊತೆಗೆ ಹೋದವರು ಅವರ ಸಂಘದ ಇಬ್ಬರು ಸದಸ್ಯೆಯರು. ಬಸ್ ಚಾರ್ಜನ್ನೂ ಅವರೇ ಕೊಟ್ಟರು, ಊರಲ್ಲಿ ಯಾರಿಗೂ ಹೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕೇಳಿದ ಅಕ್ಕ ಇವತ್ತೂ ಇಲ್ಲೇ ಇದ್ದಾರೆ. ಅವರು ಯಾರು ಅಂತ ಹುಡುಕಬೇಡಿ. ನಿಮ್ಮ ಪಕ್ಕದಲ್ಲಿ ಕೂತವರೇ ಅವರು ಅಂದುಕೊಂಡು, ಜೊತೆಗೆ ಆಸ್ಪತ್ರೆಗೆ ಹೋಗೋ ಆ ಇಬ್ಬರಲ್ಲಿ ಒಬ್ಬರು ನೀವಾಗಿ.